ಕೋಲಿನ ಲೆಕ್ಕ, ಕೀಲಿನ ಲೆಕ್ಕ

ರೋಬೋಟ್ ಸ್ಪರ್ಧೆಗೆ ಹೊರಟ ಕಿತ್ತೂರು ಸೀಮೆಯ ತಂಡಗಳಿಗೆ ಒಂದು ಬಹಿರಂಗ ಪತ್ರ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಶಾಲೆ-ಕಾಲೇಜುಗಳ ರೋಬೋಟ್ ತಂಡಗಳ ವಿದ್ಯಾರ್ಥಿಗಳಿಗೆ, ಅವರ ಬೆನ್ನಿಗೆ ನಿಂತ ಗುರುಗಳಿಗೆ,

2022ರ ಆಗಸ್ಟ್‌ನಲ್ಲಿ ದೆಹಲಿಯಲ್ಲಿ ಎಬಿಯು ರೋಬೋಕಾನ್ ನಡೆದಾಗ ರೋಬೋಟ್‌ಗಳು ಆಡಿದ ಆಟ ಲಗೋರಿ. ಏಷ್ಯಾ-ಪೆಸಿಫಿಕ್ ದೇಶಗಳ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗಾಗಿ 2002ರಿಂದ ನಡೆಯುತ್ತಿರುವ ಈ ಸ್ಪರ್ಧೆಯಲ್ಲಿ ಆಟವನ್ನು ಗೊತ್ತು ಮಾಡುವುದು ಆಯಾ ವರ್ಷದ ಆತಿಥೇಯ ದೇಶ. ವಿಯೆಟ್ನಾಂ ತನ್ನ ಸರದಿ ಬಂದ 2024ರಲ್ಲಿ ಭತ್ತದ ನಾಟಿ ಮತ್ತು ಸುಗ್ಗಿಯನ್ನೇ ಆಟವಾಗಿಸಿತು. ಭಾರತ ಆರಿಸಿಕೊಂಡಿದ್ದು ನಿಮ್ಮ ಓಣಿಯ ಲಗೋರಿಯನ್ನು. ಒಂದು ರೋಬೋಟ್ ಚೆಂಡು ಎಸೆದು ಗೋಪುರ ಕೆಡವಬೇಕು, ಇನ್ನೊಂದು ಬಿದ್ದ ಬಿಲ್ಲೆಗಳನ್ನು ಎತ್ತಿ ಒಂದರ ಮೇಲೊಂದು ಪೇರಿಸಬೇಕು.

ಎಸೆಯುವ ಕೈಗೂ ಪೇರಿಸುವ ಕೈಗೂ ಬೇಕಾದ ಗುಣಗಳೇ ಬೇರೆ. ಎಸೆಯುವ ಕೈ ಹಗುರವಾಗಿರಬೇಕು, ಪೆಟ್ಟು ತಾಳಬೇಕು, ತುಸು ಬಳುಕಿದರೂ ನಡೆದೀತು. ಪೇರಿಸುವ ಕೈ ಬಳುಕಿದರೆ ಬಿಲ್ಲೆ ಅಂಚಿಗೆ ಕುಳಿತು ಜಾರುತ್ತದೆ. ಹಾಗಾಗಿ "ರೋಬೋಟಿನ ಕೈಗೆ ಯಾವ ಸಾಮಾನು ಒಳ್ಳೆಯದು?" ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಕೈ ಏನು ಮಾಡಬೇಕು, ಎಷ್ಟು ಉದ್ದ ಚಾಚಬೇಕು, ತುದಿಯಲ್ಲಿ ಎಷ್ಟು ತೂಕ ಹೊರಬೇಕು ಎಂಬ ಮೂರು ಸಂಗತಿ ಗೊತ್ತಾದ ಮೇಲೆಯೇ ಸಾಮಾನಿನ ಮಾತು.

ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ 2016ರಲ್ಲಿ ಶುರುವಾದ ಮೇಲೆ 6ರಿಂದ 12ನೇ ತರಗತಿಯ ಮಕ್ಕಳ ಕೈಗೂ ಮೋಟರ್, ಸೆನ್ಸರ್, ತ್ರೀಡಿ ಪ್ರಿಂಟರ್ ಬಂದಿವೆ. ಒಂದು ಶಾಲೆಗೆ ಸಿಗುವ ಅನುದಾನ 20 ಲಕ್ಷ ರೂಪಾಯಿವರೆಗೆ: ಅರ್ಧ ಸಲಕರಣೆಗೆ, ಉಳಿದರ್ಧ ಮುಂದಿನ ವರ್ಷಗಳ ನಿರ್ವಹಣೆಗೆ. ಹಣ ಬಂದಾಗ ಸಿದ್ಧ ಕಿಟ್ ತರಿಸುವುದು ಸುಲಭದ ದಾರಿ. ಕತ್ತರಿಸಿ, ತೂತು ಕೊರೆದು, ಸ್ಕ್ರೂ ಸಮೇತ ಬಂದ ಕೈಯನ್ನು ಒಂದು ಮಧ್ಯಾಹ್ನದಲ್ಲಿ ಜೋಡಿಸಬಹುದು. ಸ್ಪರ್ಧೆಯ ಅಂಗಳದಲ್ಲಿ ಅದು ಮುರಿದರೆ ಮಾತ್ರ ಯಾಕೆ ಮುರಿಯಿತೆಂದು ಹೇಳಬಲ್ಲವರು ತಂಡದಲ್ಲಿ ಇರುವುದಿಲ್ಲ. ಈ ಪತ್ರದ ಕಳಕಳಿ ಅದೇ: ಸಾಮಾನು ಆರಿಸುವ ಕೆಲಸವನ್ನು ಕಿಟ್ ಮಾರುವವರಿಗೆ ಬಿಟ್ಟುಕೊಡಬೇಡಿ. ಅದಕ್ಕೆ ಬೇಕಾದ ಲೆಕ್ಕ ಪಿಯುಸಿ ಭೌತಶಾಸ್ತ್ರದಲ್ಲಿದೆ, ಬೇಕಾದ ಸಾಮಾನು ನಿಮ್ಮೂರ ಪೇಟೆಯಲ್ಲಿದೆ.

ಮೊದಲು ತೂಕ. ಶಾಲಾ ತಂಡಗಳು ಬಹಳವಾಗಿ ಬಳಸುವ ಎಂಜಿ996ಆರ್ ಸರ್ವೋ ಮೋಟರ್ 6 ವೋಲ್ಟಿನಲ್ಲಿ ಕೊಡುವ ತಿರುಚುಬಲ ಹೆಚ್ಚೆಂದರೆ ಸುಮಾರು 11 ಕಿಲೋ-ಸೆಂಟಿಮೀಟರ್. ಅಂದರೆ 11 ಸೆಂಟಿಮೀಟರ್ ದೂರದಲ್ಲಿ ತೂಗುಬಿಟ್ಟ 1 ಕಿಲೋ ತೂಕವನ್ನು ಅದು ಏದುಸಿರು ಬಿಡುತ್ತ ತಡೆದು ಹಿಡಿದೀತು. ಎತ್ತಿ ಆಡಿಸಲು ಅದರ ಅರ್ಧವನ್ನಷ್ಟೇ ನೆಚ್ಚಿಕೊಳ್ಳುವುದು ಜಾಣತನ. ಈಗ 40 ಸೆಂಟಿಮೀಟರ್ ಉದ್ದದ ಕೈಯ ತುದಿಯಲ್ಲಿ 200 ಗ್ರಾಂ ವಸ್ತು ಹಿಡಿಯಬೇಕೆಂದಿಟ್ಟುಕೊಳ್ಳಿ. ವಸ್ತುವೊಂದಕ್ಕೇ 8 ಕಿಲೋ-ಸೆಂಟಿಮೀಟರ್ ಬೇಕು. ಕೈಯ ಸ್ವಂತ ತೂಕ ಇನ್ನೂ ಬಂದಿಲ್ಲ. 25 ಮಿಲಿಮೀಟರ್ ಚೌಕದ, 1.2 ಮಿಲಿಮೀಟರ್ ದಪ್ಪದ ಕಬ್ಬಿಣದ ಪೈಪು ತೊಟ್ಟರೆ 40 ಸೆಂಟಿಮೀಟರಿಗೆ ಸುಮಾರು 360 ಗ್ರಾಂ ತೂಗುತ್ತದೆ. ಆ ಭಾರ ನಡುಮಧ್ಯದಲ್ಲಿ ನಿಂತಂತೆ ಲೆಕ್ಕ ಹಿಡಿದರೆ ಇನ್ನೂ 7 ಕಿಲೋ-ಸೆಂಟಿಮೀಟರ್ ಸೇರಿ ಒಟ್ಟು 15 ದಾಟುತ್ತದೆ. ಮೋಟರ್ ಮೊದಲ ಸೆಕೆಂಡಿನಲ್ಲೇ ಸೋಲುತ್ತದೆ. ಅದೇ ಅಳತೆಯ ಅಲ್ಯೂಮಿನಿಯಂ ಪೈಪು 125 ಗ್ರಾಂ ಒಳಗೇ ಇರುವುದರಿಂದ ಅದರ ಹೊರೆ ಎರಡೂವರೆ ಮಾತ್ರ.

ಆದರೂ ಒಟ್ಟು ಹತ್ತೂವರೆ ಆಯಿತು, ಮೋಟರಿನ ಮಿತಿಯ ಅಂಚು. ಇಲ್ಲಿ ಬಹಳ ತಂಡಗಳು ಇನ್ನೂ ದುಬಾರಿ, ಇನ್ನೂ ಹಗುರ ಸಾಮಾನು ಹುಡುಕಲು ಹೊರಡುತ್ತವೆ. ಅದಕ್ಕಿಂತ ಮೊದಲು ನೋಡಬೇಕಾದ್ದು ಕೈಯ ತುದಿಯನ್ನು. ಹಿಡಿಕೆ ತೆರೆದು ಮುಚ್ಚಲು ಅಲ್ಲಿ ಇನ್ನೊಂದು ಇಂಥದ್ದೇ ಮೋಟರ್ ಕೂರಿಸಿದ್ದರೆ ಅದರ 55 ಗ್ರಾಂ ತೂಕ 40 ಸೆಂಟಿಮೀಟರ್ ದೂರದಲ್ಲಿ ನಿಂತು 2.2 ಕಿಲೋ-ಸೆಂಟಿಮೀಟರ್ ಹೊರೆ ಹೇರುತ್ತದೆ. ಇದು ಇಡೀ ಅಲ್ಯೂಮಿನಿಯಂ ಪೈಪಿನ ಹೊರೆಗೆ ಹೆಚ್ಚುಕಡಿಮೆ ಸಮ! ಆ ಮೋಟರನ್ನು ಭುಜದ ಹತ್ತಿರ ತಂದು, ಸೈಕಲ್ಲಿನ ಬ್ರೇಕ್ ಕೇಬಲ್ಲಿನಿಂದ ಹಿಡಿಕೆಯನ್ನು ಎಳೆಸಿ ನೋಡಿ. ಇನ್ನು ಉಳಿದ ಹೊರೆಗೆ ಹಳೆಯ ಏತದ ಉಪಾಯ ಇದ್ದೇ ಇದೆ. ಏತದ ಹಿಂಬದಿಗೆ ಕಟ್ಟಿದ ಕಲ್ಲು ನೀರಿನ ಭಾರವನ್ನು ತೂಗುವಂತೆ ಭುಜದ ಹಿಂದಿನ ಒಂದು ಸ್ಪ್ರಿಂಗ್ ಅಥವಾ ರಬ್ಬರ್ ಪಟ್ಟಿ ಕೈಯ ಭಾರದ ದೊಡ್ಡ ಪಾಲನ್ನು ಹೊರಬಲ್ಲದು. ಸ್ಪ್ರಿಂಗಾದರೆ ಕಲ್ಲಿನಂತೆ ರೋಬೋಟಿನ ಒಟ್ಟು ತೂಕವನ್ನೂ ಹೆಚ್ಚಿಸುವುದಿಲ್ಲ.

ಮುಂದಿನದು ಬಾಗುವ ಮಾತು. ಮುರಿಯದಿರುವ ಗಟ್ಟಿತನ ಒಂದು, ಬಾಗದಿರುವ ಬಿಗುವು ಇನ್ನೊಂದು. ಸ್ಪರ್ಧೆಯ ಕೈಗಳು ಮುರಿಯುವುದು ಅಪರೂಪ, ಬಾಗಿ ಗುರಿ ತಪ್ಪುವುದೇ ಹೆಚ್ಚು. ಬಿಗುವನ್ನು ಅಳೆಯುವ ಯಂಗ್ ಗುಣಾಂಕ ಕಬ್ಬಿಣಕ್ಕೆ ಸುಮಾರು 200 ಗಿಗಾಪಾಸ್ಕಲ್, ಅಲ್ಯೂಮಿನಿಯಂಗೆ ಸುಮಾರು 70. ಸಾಂದ್ರತೆ ಕಬ್ಬಿಣಕ್ಕೆ 7.85, ಅಲ್ಯೂಮಿನಿಯಂಗೆ 2.7. ಎರಡನ್ನೂ ಭಾಗಿಸಿ ನೋಡಿದರೆ ಅಚ್ಚರಿಯಾಗುತ್ತದೆ: ತೂಕಕ್ಕೆ ತಕ್ಕ ಬಿಗುವು ಎರಡಕ್ಕೂ ಒಂದೇ, ಸುಮಾರು 25. ವಿಮಾನಕ್ಕೆ ಬಳಸುವ ಟೈಟಾನಿಯಂಗೂ ಅಷ್ಟೇ. ಹಾಗಿದ್ದ ಮೇಲೆ ಅಲ್ಯೂಮಿನಿಯಂನಲ್ಲಿ ಏನು ಲಾಭ? ಅದೇ ತೂಕಕ್ಕೆ ಮೂರು ಪಟ್ಟು ಗಾತ್ರದ ಸಾಮಾನು ಸಿಗುತ್ತದೆ. ಆ ಗಾತ್ರವನ್ನು ಅಗಲವಾದ ಟೊಳ್ಳು ಪೈಪಾಗಿ ಹರಡಿದರೆ ಬಿಗುವು ಜಿಗಿಯುತ್ತದೆ. 12 ಮಿಲಿಮೀಟರ್ ಚೌಕದ ಗಟ್ಟಿ ಅಲ್ಯೂಮಿನಿಯಂ ಸರಳನ್ನೂ ಮೇಲೆ ಹೇಳಿದ 25 ಮಿಲಿಮೀಟರ್ ಟೊಳ್ಳು ಪೈಪನ್ನೂ ಹೋಲಿಸಿ. ಪೈಪು ಸರಳಿಗಿಂತ ಐದನೇ ಒಂದು ಪಾಲು ಹಗುರ, ಆದರೆ ಬಾಗುವುದನ್ನು ತಡೆಯುವುದರಲ್ಲಿ ಆರು ಪಟ್ಟು ಮುಂದೆ.

ಆಕಾರದ ಈ ಮಹಿಮೆ ಅಕ್ರಿಲಿಕ್ ಹಾಳೆಯಲ್ಲಿ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. 5 ಮಿಲಿಮೀಟರ್ ದಪ್ಪ, 30 ಮಿಲಿಮೀಟರ್ ಅಗಲದ ಪಟ್ಟಿಯನ್ನು ಮಲಗಿಸಿ 40 ಸೆಂಟಿಮೀಟರ್ ಚಾಚಿದರೆ 200 ಗ್ರಾಂ ಭಾರಕ್ಕೆ ತುದಿ 4 ಸೆಂಟಿಮೀಟರಿಗೂ ಹೆಚ್ಚು ಜೋಲುತ್ತದೆ. ಅದೇ ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿದರೆ 1 ಮಿಲಿಮೀಟರ್ ಚಿಲ್ಲರೆ. ಸಾಮಾನು ಅದೇ, ತೂಕ ಅದೇ, ದುಡ್ಡೂ ಅದೇ; ಬಾಗುವಿಕೆಯಲ್ಲಿ 36 ಪಟ್ಟು ಅಂತರ. ನಿಲ್ಲಿಸಿದ ಒಂಟಿ ಪಟ್ಟಿ ಪಕ್ಕಕ್ಕೆ ತಿರುಚಿಕೊಳ್ಳುತ್ತದೆಂಬುದು ನಿಜ. ಅದಕ್ಕೇ ಎರಡು ಪಟ್ಟಿಗಳನ್ನು ಜೋಡಿಯಾಗಿ ನಿಲ್ಲಿಸಿ ನಡುನಡುವೆ ಅಡ್ಡತುಂಡುಗಳನ್ನು ಕೊಟ್ಟು ಬಿಗಿಯಬೇಕು. ಅಕ್ರಿಲಿಕ್‌ನ ನಿಜವಾದ ದೌರ್ಬಲ್ಯ ಬೇರೆ ಕಡೆ ಇದೆ: ತೂತಿನ ಅಂಚಿನಿಂದ ಬಿರುಕು ಬಿಡುತ್ತದೆ, ಮುನ್ಸೂಚನೆ ಕೊಡದೆ ಒಡೆಯುತ್ತದೆ. ಪೆಟ್ಟು ಬೀಳುವ ಕಡೆ ಅದನ್ನು ಹಾಕಬೇಡಿ. ಪಾರದರ್ಶಕ ಹಾಳೆಯೇ ಬೇಕಿದ್ದರೆ ಪಾಲಿಕಾರ್ಬೊನೇಟ್ ಕೇಳಿ. ಅದು ಬಾಗುತ್ತದೆ, ಒಡೆಯುವುದಿಲ್ಲ.

ದುಬಾರಿ ಮಿಶ್ರಲೋಹದ ಆಸೆಯ ಬಗ್ಗೆ ಒಂದು ಮಾತು. ಕಿತ್ತೂರಿನ ಮುಂದೆ ಹಾದುಹೋಗುವ ಹೆದ್ದಾರಿಯಲ್ಲೇ ಉತ್ತರಕ್ಕೆ ಹೋಗಿ ಬೆಳಗಾವಿ ದಾಟಿದರೆ ಹತ್ತರಗಿಯ ಬಳಿ ಏಕಸ್ ಕಂಪನಿಯ ವೈಮಾನಿಕ ಬಿಡಿಭಾಗಗಳ ಕಾರ್ಖಾನೆಗಳಿವೆ. ಅಲ್ಲಿ ತಯಾರಾದ ಭಾಗಗಳು ಏರ್‌ಬಸ್ ವಿಮಾನಗಳಿಗೆ ಹೋಗುತ್ತವೆ. ವಿಮಾನೋದ್ಯಮ ಮೆಚ್ಚುವ 7075 ಬಗೆಯ ಅಲ್ಯೂಮಿನಿಯಂ ಸಾಧಾರಣ 6061ಕ್ಕಿಂತ ಎರಡು ಪಟ್ಟಿನಷ್ಟು ಗಟ್ಟಿ. ಬಿಗುವಿನಲ್ಲಿ ಮಾತ್ರ ಎರಡೂ ಸಮಾಸಮ. 200 ಗ್ರಾಂ ಎತ್ತುವ ನಿಮ್ಮ ಕೈಗೆ ಆ ಹೆಚ್ಚಿನ ಗಟ್ಟಿತನದ ಕೆಲಸವೇ ಇಲ್ಲ. ಕಿಟಕಿ-ಬಾಗಿಲು ಮಾಡುವ ಅಂಗಡಿಯಲ್ಲಿ ಮೂಲೆಗೆ ಒರಗಿಸಿಟ್ಟ ಅಲ್ಯೂಮಿನಿಯಂ ಸೆಕ್ಷನ್‌ಗಳು ಸಾಮಾನ್ಯವಾಗಿ 6063 ಮಿಶ್ರಲೋಹದವು. ಅವರ ಕತ್ತರಿಸಿ ಉಳಿದ ತುಂಡುಗಳು ನಿಮ್ಮ ಕೈಗೆ ಬೇಕಾದಷ್ಟಾದವು. ಪಾತ್ರೆ ಮಾಡುವ ಮೆತ್ತನೆಯ ಅಲ್ಯೂಮಿನಿಯಂ ತಗಡು ಮಾತ್ರ ಬೇಡ, ಒಮ್ಮೆ ಬಾಗಿದರೆ ಬಾಗಿದ್ದೇ.

ವೆಲ್ಡಿಂಗ್ ಅಂಗಡಿಗೆ ಹೋಗುವ ಮುನ್ನ ಇದನ್ನೂ ತಿಳಿದಿರಿ. ಟ್ರಾಲಿ, ಗೇಟು ಮಾಡುವ ಕಡೆ ಇರುವ ಮಾಮೂಲಿ ವೆಲ್ಡಿಂಗ್ ಕಬ್ಬಿಣಕ್ಕಾಗಿ. ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ, ಆದರೆ ಅದರ ಮೈಮೇಲಿನ ಆಕ್ಸೈಡ್ ಪದರ ಕರಗಲು 2000 ಡಿಗ್ರಿ ದಾಟಬೇಕು. ಪದರ ಒಡೆಯುವಷ್ಟರಲ್ಲಿ ಒಳಗಿನ ಲೋಹ ಹರಿದುಹೋಗಿರುತ್ತದೆ. ಅದಕ್ಕೆ ಆರ್ಗಾನ್ ಅನಿಲದ ಟಿಗ್ ವೆಲ್ಡಿಂಗ್, ಪಳಗಿದ ಕೈ ಎರಡೂ ಬೇಕು. ನಿಮಗೆ ರಿವೆಟ್ ಸಾಕು, ಬೋಲ್ಟ್ ಇನ್ನೂ ವಾಸಿ, ಯಾಕೆಂದರೆ ಬಿಚ್ಚಿ ತಿದ್ದಬಹುದು.

ಇನ್ನು ಈ ಪತ್ರದ ಮುಖ್ಯ ವಿಷಯಕ್ಕೆ ಬರೋಣ. ಮೇಲೆ ಹೇಳಿದ ಅಲ್ಯೂಮಿನಿಯಂ ಪೈಪು 200 ಗ್ರಾಂ ಭಾರಕ್ಕೆ ನಿಜವಾಗಿ ಎಷ್ಟು ಬಾಗುತ್ತದೆ ಎಂದು ಸೂತ್ರ ಹಾಕಿ ನೋಡಿದರೆ ಬರುವ ಉತ್ತರ ಸುಮಾರು 0.06 ಮಿಲಿಮೀಟರ್. ಒಂದು ತಲೆಗೂದಲಿನ ದಪ್ಪ. ಆದರೂ ತಂಡಗಳ ಕೈ ತುದಿಯಲ್ಲಿ ಬೆರಳಗಲ ಕುಣಿಯುವುದುಂಟು. ಅದು ಎಲ್ಲಿಂದ ಬರುತ್ತದೆ? ಕೀಲಿನಿಂದ. ಭುಜದ ಕೀಲಿನಲ್ಲಿ ಬರೀ 1 ಡಿಗ್ರಿ ಸಡಿಲವಿದ್ದರೆ 40 ಸೆಂಟಿಮೀಟರ್ ಆಚೆ ತುದಿ 7 ಮಿಲಿಮೀಟರ್ ಅಲ್ಲಾಡುತ್ತದೆ. ಪೈಪಿನ ಬಾಗುವಿಕೆಗಿಂತ ನೂರು ಪಟ್ಟಿಗೂ ಹೆಚ್ಚು. ಕೋಲಿಗೆ ಕಾರ್ಬನ್ ಫೈಬರ್ ಹಾಕಿದರೂ ಈ 7 ಮಿಲಿಮೀಟರ್ ಒಂದು ಕೂದಲೆಳೆಯಷ್ಟೂ ಇಳಿಯುವುದಿಲ್ಲ.

ಆದ್ದರಿಂದ ಕೋಲಿಗೆ ಉಳಿಸಿದ ದುಡ್ಡನ್ನು ಕೀಲಿಗೆ ಹಾಕಿ. ಸರ್ವೋದ ಹಲ್ಲುಳ್ಳ ದಂಡದ ಮೇಲೆ ಇಡೀ ಕೈಯನ್ನು ನೇತುಹಾಕುವುದು ಎಲ್ಲೆಲ್ಲೂ ಕಾಣುವ ತಪ್ಪು. ಆ ದಂಡ ತಿರುಗಿಸಲಿಕ್ಕೆ ಮಾತ್ರ, ಭಾರ ಹೊರಲಿಕ್ಕಲ್ಲ. ಭುಜದ ಎರಡೂ ಬದಿಗೆ ತಟ್ಟೆ ನಿಲ್ಲಿಸಿ, ಒಂದೊಂದರಲ್ಲಿ ಬೇರಿಂಗ್ ಕೂರಿಸಿ, ಭಾರ ಅವುಗಳ ಮೇಲೆ ಬೀಳುವಂತೆ ಮಾಡಿ. 608 ನಂಬರಿನ ಬೇರಿಂಗ್ ಅಗ್ಗ. ಒಳತೂತು 8 ಮಿಲಿಮೀಟರ್, ಹೊರವ್ಯಾಸ 22, ದಪ್ಪ 7. ಸಾಮಾನ್ಯ 8 ಮಿಲಿಮೀಟರ್ ಬೋಲ್ಟು ಅದಕ್ಕೆ ಅಚ್ಚಾಗಿ ಹೊಂದುತ್ತದೆ. ಎರಡು ಬೇರಿಂಗ್‌ಗಳ ನಡುವಿನ ಅಂತರ ಹೆಚ್ಚಿದಷ್ಟೂ ಪಕ್ಕದ ಅಲುಗಾಟ ಕಡಿಮೆ. ನಟ್ಟು ನೈಲಾನ್ ಬಳೆಯದ್ದಿರಲಿ, ಅಲುಗಾಟಕ್ಕೆ ಸಡಿಲಾಗುವುದಿಲ್ಲ.

ಕೀಲಿನಲ್ಲಿ ಸಾಮಾನಿನ ಆಯ್ಕೆ ಕೋಲಿನದಕ್ಕಿಂತ ಸೂಕ್ಷ್ಮ. ಅಲ್ಯೂಮಿನಿಯಂ ತೂತಿನಲ್ಲಿ ಉಕ್ಕಿನ ಬೋಲ್ಟು ನೇರವಾಗಿ ತಿರುಗಿದರೆ ಮೆತ್ತಗಿನ ಲೋಹ ಸವೆದು ತೂತು ಮೊಟ್ಟೆಯಾಕಾರಕ್ಕೆ ಬರುತ್ತದೆ. ಅಭ್ಯಾಸದ ದಿನಗಳಲ್ಲಿ ಸರಿಯಿದ್ದ ಕೈ ಸ್ಪರ್ಧೆಯ ಹೊತ್ತಿಗೆ ಸಡಿಲಾಗುವುದು ಹೀಗೆ. ಬೇರಿಂಗ್ ಹಾಕಲು ಜಾಗವಿಲ್ಲದ ಕಡೆ ಹಿತ್ತಾಳೆಯ ಅಥವಾ ನೈಲಾನಿನ ಬುಷ್ ಹಾಕಿ. ಲೇಥ್ ಇರುವ ಯಾವ ಅಂಗಡಿಯಲ್ಲಾದರೂ ಅದನ್ನು ತಿರುವಿ ಕೊಡುತ್ತಾರೆ. ಅಳತೆಯನ್ನು ಮಾತಿನಲ್ಲಿ ಹೇಳದೆ, ಚಿತ್ರ ಬರೆದು ಮಿಲಿಮೀಟರಿನಲ್ಲಿ ಕೊಡಿ. ಹೀಗೆ ಕೋಲು ಅಲ್ಯೂಮಿನಿಯಂ, ದಂಡ ಉಕ್ಕು, ಬುಷ್ ಹಿತ್ತಾಳೆ ಆದಾಗ ಮೂರೂ ತಮ್ಮ ತಮ್ಮ ಜಾಗದಲ್ಲಿ ದುಡಿಯುತ್ತವೆ. ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗಕ್ಕೆ ಹೋಗಿ ಯಂತ್ರಗಳ ಒಳಗನ್ನು ನೋಡಿದರೆ, ಒಂದೇ ಲೋಹದಲ್ಲಿ ಮಾಡಿದ ಯಂತ್ರ ಸಿಗುವುದೇ ಕಷ್ಟ.

ಎಸೆಯುವ ಕೈಯ ಪಾಠವನ್ನು ರಾಮದುರ್ಗದ ತಂಡದವರು ಮನೆಯ ಹತ್ತಿರವೇ ಕಲಿಯಬಹುದು. ನೇಕಾರರ ಸಾದಾ ಪವರ್‌ಲೂಮಿನಲ್ಲಿ ಲಾಳಿಯನ್ನು ಈ ಬದಿಯಿಂದ ಆ ಬದಿಗೆ ಹೊಡೆದು ಕಳಿಸುವುದು ಒಂದು ಕಟ್ಟಿಗೆಯ ಕೋಲು. ಮಗ್ಗ ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ ಲಾಳಿ ಹಾಯಿಸುತ್ತದೆ, ಎರಡು ಬದಿಯ ಕೋಲುಗಳು ಸರದಿಯ ಮೇಲೆ ಪೆಟ್ಟು ಕೊಡುತ್ತವೆ. ಮಗ್ಗದ ಚೌಕಟ್ಟು ಬೀಡುಕಬ್ಬಿಣದ್ದು, ದಂಡಗಳು ಉಕ್ಕಿನವು. ಅಷ್ಟೆಲ್ಲ ಕಬ್ಬಿಣದ ನಡುವೆ ಅತಿ ಹೆಚ್ಚು ಪೆಟ್ಟು ತಿನ್ನುವ ಭಾಗವನ್ನೇ ಕಟ್ಟಿಗೆಯಲ್ಲಿ ಮಾಡಿದ್ದಾರೆ. ಕಟ್ಟಿಗೆ ಹಗುರ, ಆದ್ದರಿಂದ ಬೇಗ ವೇಗ ಹಿಡಿಯುತ್ತದೆ, ಬೇಗ ನಿಲ್ಲುತ್ತದೆ. ಪೆಟ್ಟಿಗೆ ತುಸು ಬಳುಕಿ ಅದರ ಜೋರನ್ನು ನುಂಗುತ್ತದೆ, ಉಳಿದ ಭಾಗಗಳಿಗೆ ದಾಟಿಸುವುದಿಲ್ಲ. ಮುರಿದರೆ ಕಡಿಮೆ ಖರ್ಚಿನಲ್ಲಿ ಬದಲಾಯಿಸಬಹುದು. ಲಾಳಿಗೆ ನೇರವಾಗಿ ತಾಗುವ ತುಂಡನ್ನು ಹಿಂದೆ ಎಮ್ಮೆಯ ಚರ್ಮದಿಂದಲೇ ಮಾಡುತ್ತಿದ್ದರು, ಈಗ ಪ್ಲಾಸ್ಟಿಕ್ ಬಂದಿದೆ. ಒಂದು ಸಂಜೆ ಮಗ್ಗದ ಮುಂದೆ ನಿಂತು, ನೇಕಾರರ ಅನುಮತಿ ಕೇಳಿ, ಆ ಕೋಲು ಎಲ್ಲಿ ಸವೆದಿದೆ, ಎಲ್ಲಿ ಮುರಿಯುತ್ತದೆ ಎಂದು ವಿಚಾರಿಸಿ. ಚೆಂಡು ಎಸೆಯುವ ರೋಬೋಟಿಗೆ ಅದಕ್ಕಿಂತ ಒಳ್ಳೆಯ ಪಠ್ಯವಿಲ್ಲ. ಬಿದಿರೂ ಈ ಕೆಲಸಕ್ಕೆ ಬಂದೀತು. ಅದರ ಬಲವೆಲ್ಲ ಹೊರಸಿಪ್ಪೆಯ ಬಳಿಯ ದಟ್ಟ ನಾರಿನಲ್ಲಿರುವುದರಿಂದ ಚೆಂದಕ್ಕೆಂದು ಸಿಪ್ಪೆ ಹೆರೆಯಬೇಡಿ.

ಪೇರಿಸುವ ಕೈಯ ತಟ್ಟೆಗಳಿಗೆ ಸವದತ್ತಿಯ ಗುಡ್ಡದ ಗಾಳಿಯಂತ್ರಗಳನ್ನು ನೋಡಿ. ಆ ಉದ್ದನೆಯ ರೆಕ್ಕೆಗಳು ಒಳಗೆ ಟೊಳ್ಳು. ಅವುಗಳ ಗೋಡೆಯಲ್ಲಿ ಮಾತ್ರ ಗಾಜಿನ ನಾರು ಮತ್ತು ರಾಳದ ತೆಳು ಹೊರಪದರಗಳ ನಡುವೆ ಹಗುರ ಕಟ್ಟಿಗೆ ಅಥವಾ ನೊರೆಯಂಥ ತಿರುಳು ತುಂಬಿರುತ್ತಾರೆ. ಬಲವುಳ್ಳ ಪದರಗಳನ್ನು ಒಂದರಿಂದೊಂದು ದೂರ ಇಡುವುದೇ ಅದರ ಗುಟ್ಟು. ಅಂಗಡಿಗಳ ನಾಮಫಲಕಕ್ಕೆ ಬಳಸುವ ಎಸಿಪಿ ಶೀಟ್ ಕೂಡ ಇದೇ ಜಾತಿಯದು: ಎರಡು ತೆಳು ಅಲ್ಯೂಮಿನಿಯಂ ಹಾಳೆಗಳ ನಡುವೆ ಪ್ಲಾಸ್ಟಿಕ್. ಫಲಕ ಮಾಡುವವರ ಹತ್ತಿರ ಚೂರುಗಳಿರುತ್ತವೆ, ಕೇಳಿ ತನ್ನಿ.

ತ್ರೀಡಿ ಪ್ರಿಂಟರಿನ ಬಗ್ಗೆ ಎಚ್ಚರದ ಎರಡು ಮಾತು. ಸಾಮಾನ್ಯವಾಗಿ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಬೇಸಿಗೆಯ ಮಧ್ಯಾಹ್ನ ಬಿಸಿಲಲ್ಲಿ ನಿಂತ ಮುಚ್ಚಿದ ವಾಹನದೊಳಗೆ ಆ ಕಾವು ಸುಲಭವಾಗಿ ಏರುತ್ತದೆ. ರೋಬೋಟನ್ನು ಹಾಗೆ ಬಿಟ್ಟು ಊಟಕ್ಕೆ ಹೋದರೆ ಮರಳಿ ಬರುವಷ್ಟರಲ್ಲಿ ಹಿಡಿಕೆ ಸೊಟ್ಟಗಾಗಿದ್ದೀತು. ಪಿಇಟಿಜಿ ಸುಮಾರು 80 ಡಿಗ್ರಿವರೆಗೆ, ಎಬಿಎಸ್ 100 ಡಿಗ್ರಿಯವರೆಗೆ ತಡೆಯುತ್ತದೆ. ಎರಡನೆಯದು, ಮುದ್ರಿಸಿದ ವಸ್ತು ಪದರ ಪದರವಾಗಿ ಬೆಳೆದಿರುವುದರಿಂದ ಪದರಗಳ ನಡುವೆ ದುರ್ಬಲ. ಬಾಗಿಸುವ ಬಲ ಪದರಗಳನ್ನು ಕೀಳುವಂತಿದ್ದರೆ ವಸ್ತುವನ್ನು ಮಲಗಿಸಿ ಮುದ್ರಿಸಿ. ಉದ್ದದ ಕೋಲನ್ನಂತೂ ಮುದ್ರಿಸಲೇಬೇಡಿ. ಗಂಟೆಗಟ್ಟಲೆ ಯಂತ್ರ ಓಡಿಸಿ ಪಡೆಯುವ ಆ ಕೋಲಿಗಿಂತ ಪೇಟೆಯ ಪೈಪಿನ ತುಂಡು ಎಲ್ಲ ರೀತಿಯಲ್ಲೂ ಮೇಲು. ಪ್ರಿಂಟರನ್ನು ಹಿಡಿಕೆಯ ಬೆರಳು, ಬೇರಿಂಗಿನ ಮನೆ, ಕೇಬಲ್ ಹಾಯುವ ಕೊಂಡಿಗಳಿಗೆ ಮೀಸಲಿಡಿ. ಬೆರಳಿನ ಒಳಮೈಗೆ ಸೈಕಲ್ ಟ್ಯೂಬಿನ ರಬ್ಬರ್ ಅಂಟಿಸಿದರೆ ಕಡಿಮೆ ಒತ್ತಿಗೇ ಹಿಡಿತ ಸಿಗುತ್ತದೆ, ಮೋಟರಿನ ಬಲವೂ ಉಳಿಯುತ್ತದೆ.

ಕಾರ್ಬನ್ ಫೈಬರ್ ಕೇಳುವವರು ಇದ್ದೇ ಇರುತ್ತಾರೆ. ಬಾಹ್ಯಾಕಾಶ ನೌಕೆಯಲ್ಲಿ 1981ರಲ್ಲಿ ಮೊದಲ ಬಾರಿಗೆ ಹಾರಿದ ರೋಬೋಟ್ ಕೈ ಕೆನಡಾರ್ಮ್‌ನ ಉದ್ದದ ಕೊಳವೆಗಳು ಕಾರ್ಬನ್ ನಾರಿನವೇ. 15 ಮೀಟರ್ ಉದ್ದದ, 410 ಕಿಲೋ ತೂಕದ ಆ ಕೈ ಭೂಮಿಯ ಮೇಲೆ ತನ್ನ ಭಾರವನ್ನೇ ಎತ್ತಲಾರದು. ಅದನ್ನು ಮಾಡಿದ್ದೇ ತೂಕವಿಲ್ಲದ ಜಾಗಕ್ಕೆ. ಕಾರ್ಖಾನೆಗಳಲ್ಲಿ ಮನುಷ್ಯರ ಪಕ್ಕದಲ್ಲೇ ದುಡಿಯುವ ಯುಆರ್5 ರೋಬೋಟ್ ಕೈಯನ್ನು ನೋಡಿದರೆ ಅದರ ಕೊಳವೆಗಳು ಅಲ್ಯೂಮಿನಿಯಂನವು. ಸ್ವಂತ ತೂಕ 18.4 ಕಿಲೋ, ಎತ್ತುವುದು 5 ಕಿಲೋ. ಜಗತ್ತಿನ ನುರಿತ ಎಂಜಿನಿಯರುಗಳ ಕೈಯೇ ಎತ್ತುವ ಭಾರದ ಮೂರೂವರೆ ಪಟ್ಟಿಗಿಂತ ಹೆಚ್ಚು ತೂಗುತ್ತದೆ ಎಂಬುದು ತಿಳಿದರೆ ನಿಮ್ಮ ಕೈ ಭಾರವಾಯಿತೆಂಬ ಬೇಸರ ತುಸು ಇಳಿದೀತು. ಶಾಲೆಯ ಮಟ್ಟಿಗೆ ಕಾರ್ಬನ್ ಫೈಬರ್ ಬೇಡ. ಕೊರೆದಾಗ ಏಳುವ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಸಿಬಿರು ಕೈಗೆ ಚುಚ್ಚುತ್ತದೆ, ವಿದ್ಯುತ್ ಹರಿಸುವುದರಿಂದ ತಂತಿ ತಾಗಿದರೆ ಶಾರ್ಟ್ ಆಗುತ್ತದೆ.

ಗುರುಗಳಲ್ಲಿ ಎರಡು ವಿನಂತಿ. ಅನುದಾನದ ಮುಂದಿನ ಕಂತಿನ ಹಣದಲ್ಲಿ ಇನ್ನೊಂದು ಕಿಟ್ ಬದಲು ಸ್ಟ್ಯಾಂಡ್ ಇರುವ ಡ್ರಿಲ್ ಯಂತ್ರ, ಒಂದು ವರ್ನಿಯರ್, ಗ್ರಾಂ ತೋರಿಸುವ ತಕ್ಕಡಿ, ಕಣ್ಣಿನ ರಕ್ಷಣೆಯ ಕನ್ನಡಕಗಳು ಮತ್ತು ಒಂದು ಡಬ್ಬಿ ಬೇರಿಂಗ್ ಕೊಳ್ಳಿ. ನೇರವಾಗಿ ಕೊರೆದ ತೂತಿನಷ್ಟು ಕೀಲನ್ನು ಸುಧಾರಿಸುವ ಬೇರೆ ಸಾಮಾನಿಲ್ಲ. ಎರಡನೆಯದು, ಡ್ರಿಲ್ ಹಿಡಿಯುವ ಸರದಿ ಹುಡುಗಿಯರಿಗೂ ಬರಲಿ. ಹುಡುಗರು ಕೊರೆಯುವುದು, ಹುಡುಗಿಯರು ವರದಿ ಬರೆದು ಚಾರ್ಟ್ ಮಾಡುವುದು ಎಂಬ ಹಂಚಿಕೆ ಇನ್ನೂ ಬಹಳ ಕಡೆ ಉಳಿದಿದೆ. ರಾಣಿ ಚನ್ನಮ್ಮನ ಹೆಸರಿನಲ್ಲಿ ಹೆಣ್ಣುಮಕ್ಕಳ ವಸತಿ ಸೈನಿಕ ಶಾಲೆಯನ್ನು 1969ರಿಂದ ನಡೆಸುತ್ತಿರುವ ಊರಿನ ಸೀಮೆಯಲ್ಲಿ ಅದು ಒಪ್ಪುವ ಮಾತಲ್ಲ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು. ಮೊದಲ ಕೈಯನ್ನು ಪ್ಲೈವುಡ್ಡಿನಲ್ಲೋ ರಟ್ಟಿನಲ್ಲೋ ಮಾಡಿ ಉದ್ದ, ಕೀಲುಗಳ ಜಾಗ ಸರಿಮಾಡಿಕೊಳ್ಳಿ. ನಿಯಮಪುಸ್ತಕದಲ್ಲಿ ತೂಕ ಮತ್ತು ಅಳತೆಯ ಮಿತಿ ಏನಿದೆಯೆಂದು ಆಗಲೇ ನೋಡಿ. ಹೈಸ್ಕೂಲು ವಯಸ್ಸಿನವರ ಫಸ್ಟ್ ಟೆಕ್ ಚಾಲೆಂಜ್‌ನಲ್ಲಿ ಆಟ ಶುರುವಾಗುವಾಗ ಇಡೀ ರೋಬೋಟ್ 18 ಇಂಚಿನ ಘನದೊಳಗೆ ಹಿಡಿಸಬೇಕು, ಹಾಗಾಗಿ ಕೈ ಮಡಚಿಕೊಳ್ಳಲೇಬೇಕಾಗುತ್ತದೆ. ಆಮೇಲೆ ತಕ್ಕಡಿ ಹಿಡಿದು ಪೇಟೆಗೆ ಹೋಗಿ. ಪ್ರತಿ ಸಾಮಾನಿನ ಒಂದು ಅಡಿ ತುಂಡನ್ನು ತೂಗಿ, ಮೇಜಿನ ಅಂಚಿಗೆ ಕ್ಲಾಂಪ್ ಹಾಕಿ, ತುದಿಗೆ ತೂಕ ನೇತುಬಿಟ್ಟು ಎಷ್ಟು ಬಾಗಿತೆಂದು ಅಳೆದು, ತಂಡದ ವಹಿಯಲ್ಲಿ ಕನ್ನಡದಲ್ಲೇ ಬರೆದಿಡಿ. ನಿಮ್ಮ ನಂತರ ಬರುವ ಬ್ಯಾಚಿಗೆ ಆ ವಹಿಯನ್ನು ಒಪ್ಪಿಸಿ ಹೋಗಿ.